ಮರಳಿನ ಕಣದಲ್ಲಿ ಬೆಳಕನ್ನರಸಿದ ಸರ್ ಸಿ. ವಿ. ರಾಮನ್

ನಮ್ಮ ಮೂಗೂರಿನವರಿಗೆ ತಲಕಾಡಿನ ಮರಳನ್ನು ಪರಿಚಯಿಸಬೇಕಾಗಿಲ್ಲ. ಗುಡಿಗೋಪುರಗಳನ್ನೇ ಹೂಳಿದ ಆ ಮರಳರಾಶಿಯ ಮೇಲೆ ಬರಿಗಾಲಿನಲ್ಲಿ ನಡೆದು ಅಂಗಾಲು ಸುಟ್ಟುಕೊಂಡ ಅನುಭವ ಈ ತಾಲ್ಲೂಕಿನ ಪ್ರತಿಯೊಂದು ಮಗುವಿಗೂ ಉಂಟು. ಆ ಮರಳಿನ ಬಹುಭಾಗ ಸಿಲಿಕಾ ಎಂಬ ಒಂದೇ ದ್ರವ್ಯವೆಂದೂ, ಸಿಲಿಕಾನಿನ ಒಂದು ಪರಮಾಣುವಿಗೆ ಆಮ್ಲಜನಕದ ಎರಡು ಪರಮಾಣುಗಳು ಕೂಡಿ ಅದು ಆಗಿದೆಯೆಂದೂ ವಿಜ್ಞಾನದ ಉಪಾಧ್ಯಾಯರು ತರಗತಿಯಲ್ಲಿ ಹೇಳುತ್ತಾರೆ. ಶುಭ್ರವಾದ ಸ್ಫಟಿಕ, ನೇರಳೆವರ್ಣದ ಅಮೆಥಿಸ್ಟ್, ಕಿಟಕಿಯ ಗಾಜು, ಗಿರಣಿಯ ಹಿತ್ತಿಲಿನಲ್ಲಿ ಸುಟ್ಟ ಭತ್ತದ ಹೊಟ್ಟಿನ ಬೂದಿ, ಇವೆಲ್ಲವುಗಳಲ್ಲಿಯೂ ಪ್ರಧಾನವಾಗಿರುವುದು ಅದೇ ದ್ರವ್ಯ. ಹಾಲಿನಂತಹ ಮೈಯೊಳಗೆ ಕೆಂಪು, ಹಸುರು, ನೀಲಿಗಳ ಕಿಡಿಗಳನ್ನು ಹುದುಗಿಸಿಕೊಂಡ ಓಪಲ್ ಎಂಬ ರತ್ನವೂ ಸಿಲಿಕಾ ಮತ್ತು ಸ್ವಲ್ಪ ನೀರು ಸೇರಿ ಆದದ್ದೇ.

ಈ ಸಂಸ್ಮರಣ ಸಂಚಿಕೆಗೆ ವಿಜ್ಞಾನಿಯೊಬ್ಬರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಹಳಗನ್ನಡ ವ್ಯಾಕರಣವನ್ನು ಪಾಠ ಹೇಳಿಕೊಂಡಿರುವ ನನ್ನಂಥವನಿಗೆ ಸಂಕೋಚವಾದದ್ದು ಸಹಜ. ಆದರೆ ಸರ್ ಚಂದ್ರಶೇಖರ ವೆಂಕಟರಾಮನ್ ಅವರ ಬಾಳನ್ನು ಓದುತ್ತ ಹೋದಂತೆ, ಆ ಬಾಳಿನುದ್ದಕ್ಕೂ ಈ ಮರಳಿನ ದ್ರವ್ಯ ಮತ್ತೆಮತ್ತೆ ಅಡ್ಡಬರುವುದು ಕಂಡು ಕುತೂಹಲ ಮೂಡಿತು. ಅವರ ಕೀರ್ತಿಯ ಕಥೆಯನ್ನು ಎಲ್ಲರೂ ಬಲ್ಲರು. ಈ ಕಥೆಯನ್ನು ಬಲ್ಲವರು ಕಡಿಮೆಯೆಂದು ತೋರಿದ್ದರಿಂದ ಇದನ್ನೇ ಹಿಡಿದಿದ್ದೇನೆ.

ರಾಮನ್ ಅವರು 1888ನೆಯ ಇಸವಿ ನವೆಂಬರ್ 7ರಂದು ತಿರುಚಿರಾಪಳ್ಳಿಯ ಬಳಿಯ ತಿರುವಾನೈಕ್ಕಾವಲಿನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆ ಗಣಿತ ಮತ್ತು ಭೌತಶಾಸ್ತ್ರಗಳ ಅಧ್ಯಾಪಕರಾಗಿ ವಿಶಾಖಪಟ್ಟಣಕ್ಕೆ ಹೋದುದರಿಂದ ಬಾಲ್ಯದ ವಿದ್ಯಾಭ್ಯಾಸ ಅಲ್ಲಿಯೇ ನಡೆಯಿತು. ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ಯುಲೇಷನ್, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಪದವಿ, 1907ರ ಆದಿಯಲ್ಲಿ ಎಂ.ಎ. ಪದವಿ. ಎಲ್ಲದರಲ್ಲಿಯೂ ಪ್ರಥಮ ಸ್ಥಾನ.

ಪದವಿಗಳಿಗಿಂತ ಮುಖ್ಯವಾದುದು ಅವರು ವಿದ್ಯಾರ್ಥಿಯಾಗಿದ್ದಾಗಲೇ ಬರೆದ ಒಂದು ಚಿಕ್ಕ ಲೇಖನ. ಪಟ್ಟಕದ ಕೋನವನ್ನು ಅಳೆಯುತ್ತಿದ್ದಾಗ, ಬೆಳಕು ಓರೆಯಾಗಿ ಬಿದ್ದಲ್ಲಿ ಉಂಟಾಗುವ ಪಟ್ಟೆಗಳು ಎರಡು ಬದಿಗಳಲ್ಲಿ ಸಮನಾಗಿಲ್ಲದಿರುವುದನ್ನು ಆ ಹುಡುಗ ಗಮನಿಸಿದ. ಉಳಿದವರಾಗಿದ್ದರೆ ಉಪಕರಣದ ದೋಷವೆಂದು ಬಿಟ್ಟುಬಿಡುತ್ತಿದ್ದರು. ಅವನು ಅದನ್ನೇ ಅಳೆದು, ಲೆಕ್ಕ ಹಾಕಿ, ಲಂಡನ್ನಿನ ಫಿಲಸಾಫಿಕಲ್ ಮ್ಯಾಗಝೀನ್ ಪತ್ರಿಕೆಗೆ ಕಳುಹಿಸಿದ. 1906ರ ನವೆಂಬರಿನಲ್ಲಿ ಅದು ಅಚ್ಚಾದಾಗ ಅವನಿಗೆ ಹದಿನೆಂಟು ತುಂಬಿತ್ತಷ್ಟೆ. ಅಸಮತೆಯಲ್ಲಿ ಅರ್ಥವಿದೆ ಎಂಬ ಅಂದಿನ ಅರಿವು ಮುಂದೆ ಅವರ ಶಿಷ್ಯರ ಕೆಲಸದಲ್ಲಿಯೂ ಹೇಗೆ ಫಲಿಸಿತೆಂಬುದನ್ನು ಹೇಳಲಿದ್ದೇನೆ.

ಆ ಕಾಲದಲ್ಲಿ ವಿಜ್ಞಾನವನ್ನು ನಂಬಿ ಸಂಸಾರ ಹೂಡುವಂತಿರಲಿಲ್ಲ. 1907ರಲ್ಲಿ ಲೋಕಸುಂದರಿ ಅಮ್ಮಾಳ್ ಅವರೊಡನೆ ವಿವಾಹವಾಯಿತು. ಹಣಕಾಸು ಇಲಾಖೆಯ ಸ್ಪರ್ಧಾಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕಲ್ಕತ್ತೆಯಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಹುದ್ದೆಯೂ ದೊರೆಯಿತು. ಬೌಬಜಾರಿನ ಬೀದಿಯಲ್ಲಿ ಮಹೇಂದ್ರಲಾಲ ಸರ್ಕಾರರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘದ ಹಲಗೆ ಅವರ ಕಣ್ಣಿಗೆ ಬಿದ್ದದ್ದು ಆಗಲೇ. ಕಚೇರಿಯ ವೇಳೆಗೆ ಮುನ್ನ, ಕಚೇರಿ ಮುಗಿದ ಮೇಲೆ, ಆ ಸಂಘದ ಕೊಠಡಿಗಳಲ್ಲಿ ಹತ್ತು ವರ್ಷಗಳ ಕಾಲ ಪ್ರಯೋಗ ನಡೆಸಿದರು. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪೀಠ ದೊರೆತಾಗ, ಸರ್ಕಾರಿ ಸಂಬಳಕ್ಕಿಂತ ಬಹಳ ಕಡಿಮೆಯಾದ ವೇತನಕ್ಕೆ ಒಪ್ಪಿ, ಅಧಿಕಾರದ ಕುರ್ಚಿಯನ್ನು ಬಿಟ್ಟು ಬಂದರು.

1921ರಲ್ಲಿ ವಿಲಾಯತಿಗೆ ಹೋಗಿ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡದ್ದು, ಜೇಬಿನಲ್ಲಿದ್ದ ಪಟ್ಟಕದ ಮೂಲಕ ಅದನ್ನು ಪರೀಕ್ಷಿಸಿ, ಅದು ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಚೆದರಿಸಿದ ಬೆಳಕು ಎಂದು ನಿರ್ಣಯಿಸಿದ್ದು ಪಠ್ಯಪುಸ್ತಕಗಳಲ್ಲಿ ಇದೆ. ಅಲ್ಲಿಂದ ಮುಂದೆ ಏಳು ವರ್ಷಗಳ ಕಾಲ ದ್ರವ, ಅನಿಲ, ಗಾಜು, ಮಂಜುಗಡ್ಡೆ ಎಲ್ಲವೂ ಬೆಳಕನ್ನು ಹೇಗೆ ಚೆದರಿಸುತ್ತವೆಯೆಂದು ರಾಮನ್ ಮತ್ತು ಅವರ ಶಿಷ್ಯರು ಶೋಧಿಸಿದರು. 1928ರ ಫೆಬ್ರವರಿ 28ರಂದು, ಕೆ. ಎಸ್. ಕೃಷ್ಣನ್ ಅವರ ಸಹಕಾರದಿಂದ, ಚೆದರಿದ ಬೆಳಕಿನಲ್ಲಿ ಮೂಲ ಬೆಳಕಿನಲ್ಲಿಲ್ಲದ ಹೊಸ ವರ್ಣರೇಖೆಗಳು ಇರುವುದು ಸ್ಥಿರಪಟ್ಟಿತು. ಆ ಆವಿಷ್ಕಾರದ ವಿವರಗಳನ್ನು ಮಾರ್ಚ್ 16ರಂದು ರಾಮನ್ ಅವರು ಸಭೆಯ ಮುಂದಿಟ್ಟದ್ದು ನಮ್ಮ ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನೆಯ ಸಂದರ್ಭದಲ್ಲಿ ಎಂಬುದು ಕನ್ನಡಿಗರು ನೆನಪಿಡತಕ್ಕ ವಿಷಯ.

ಮರಳಿನ ದ್ರವ್ಯ ಇಲ್ಲಿಯೂ ಎದುರಾಯಿತು. ಅದೇ ದಿನಗಳಲ್ಲಿ ಮಾಸ್ಕೋ ನಗರದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಎಂಬ ಇಬ್ಬರು ಭೌತವಿಜ್ಞಾನಿಗಳು ಇದೇ ಪರಿಣಾಮವನ್ನು ಸ್ವತಂತ್ರವಾಗಿ ಕಂಡಿದ್ದರು. ರಾಮನ್ ಅವರು ಮುಖ್ಯವಾಗಿ ದ್ರವಗಳಲ್ಲಿ ಕಂಡುದನ್ನು ಅವರು ಕಂಡದ್ದು ಸ್ಫಟಿಕದಲ್ಲಿ, ಎಂದರೆ ಸಿಲಿಕಾದಲ್ಲಿ. ಆದರೆ ಅವರು ಪ್ರಕಟಿಸುವ ಹೊತ್ತಿಗೆ ರಾಮನ್ ಅವರ ಬರಹಗಳು ಲೋಕಕ್ಕೆ ತಲುಪಿದ್ದವು. 1930ರ ನೊಬೆಲ್ ಪಾರಿತೋಷಕ ರಾಮನ್ ಒಬ್ಬರಿಗೇ ಸಂದಿತು. ರಷ್ಯದೇಶದವರಿಗೆ ಇದು ಬಹುಕಾಲದ ಕೊರಗಾಗಿ ಉಳಿಯಿತು. ಕಂಡದ್ದನ್ನು ತಡಮಾಡದೆ ಬರೆದು ಕಳುಹಿಸುವ ಅಭ್ಯಾಸ ಹದಿನೆಂಟರ ಹರೆಯದಿಂದಲೇ ರಾಮನ್ ಅವರಿಗಿದ್ದುದು ಇಲ್ಲಿ ಕೈಹಿಡಿಯಿತೆಂದು ನನಗೆ ತೋರುತ್ತದೆ.

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಆ ಪೀಠದಲ್ಲಿ ಕುಳಿತ ಮೊದಲ ಭಾರತೀಯರು ಅವರೇ. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅಲ್ಲಿಂದ ಕೊನೆಯುಸಿರಿನವರೆಗೆ ಮೂವತ್ತೇಳು ವರ್ಷ ಅವರು ಮೈಸೂರು ಸೀಮೆಯವರಾಗಿಯೇ ಬಾಳಿದರು. ಮಲ್ಲೇಶ್ವರದಲ್ಲಿ ಪಂಚವಟಿ ಎಂಬ ಮನೆಯೂ ಅವರದಾಯಿತು.

ನಿರ್ದೇಶಕ ಪದವಿ ಸುಖ ಕೊಡಲಿಲ್ಲ. ಭೌತಶಾಸ್ತ್ರಕ್ಕೇ ಹಣವನ್ನೆಲ್ಲ ಸುರಿಯುತ್ತಾರೆಂಬ ಆಕ್ಷೇಪ ಬಂದಿತು; ವಿಚಾರಣಾ ಸಮಿತಿ ಬಂದಿತು; 1937ರಲ್ಲಿ ಆಡಳಿತವನ್ನು ಬಿಟ್ಟು ಬರಿಯ ಪ್ರಾಧ್ಯಾಪಕರಾಗಿ ಉಳಿದರು. ಆಕ್ಷೇಪಗಳಲ್ಲಿ ಹುರುಳಿರಲಿಲ್ಲವೆಂದು ಹೇಳಲಾರೆ; ರಾಮನ್ ಅವರು ತಮ್ಮ ಮಾತೇ ನಡೆಯಬೇಕೆನ್ನುವ ಸ್ವಭಾವದವರು. ಆದರೆ ಈ ಗದ್ದಲದ ನಡುವೆಯೇ ಅವರ ಪ್ರಯೋಗಶಾಲೆಯಲ್ಲಿ ನಡೆದ ಕೆಲಸವನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ಅವುಗಳಲ್ಲಿ ಒಂದು, ಅವರ ಶಿಷ್ಯ ಆರ್. ಎಸ್. ಕೃಷ್ಣನ್ ಅವರದು. ಇವರು ಕಲ್ಕತ್ತೆಯ ಕೆ. ಎಸ್. ಕೃಷ್ಣನ್ ಅಲ್ಲ. ಓದುಗರು ಇಬ್ಬರನ್ನೂ ಒಬ್ಬರೆಂದೆಣಿಸುವುದುಂಟು. ನೀರಿನಲ್ಲಿ ಕರಗದೆ, ತಳಕ್ಕೂ ಇಳಿಯದೆ, ತೇಲಿಕೊಂಡಿರುವ ಅತಿಸೂಕ್ಷ್ಮ ಕಣಗಳ ಮಿಶ್ರಣಕ್ಕೆ ಕಲಿಲವೆಂದು ಹೆಸರು. ಹಾಲು ಅಂಥದೊಂದು. ಇಂತಹ ಕಣಗಳು ಬೆಳಕಿನ ತರಂಗದೊಡನೆ ಹೋಲಿಸಬಹುದಾದಷ್ಟು ದೊಡ್ಡವಾದಾಗ, ಚೆದರಿದ ಬೆಳಕಿನ ಕಂಪನಗಳು ಯಾವ ದಿಕ್ಕಿನಲ್ಲಿವೆಯೆಂಬುದನ್ನು ಅಳೆದು, ಕಣದ ಗಾತ್ರವನ್ನೂ, ಅದು ದುಂಡಗಿದೆಯೋ ಉದ್ದವಾಗಿಯೋ ಚಪ್ಪಟೆಯಾಗಿಯೋ ಇದೆಯೋ ಎಂಬುದನ್ನೂ ಊಹಿಸಬಹುದೆಂದು ಅವರು ತೋರಿಸಿದರು. ಕಣ್ಣಿಗಾಗಲಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕಾಗಲಿ ನಿಲುಕದ ಕಣದ ಆಕಾರವನ್ನು ಬೆಳಕಿನ ಬಾಯಿಂದಲೇ ಹೇಳಿಸುವ ಈ ಉಪಾಯ ಕೃಷ್ಣನ್ ಪರಿಣಾಮವೆಂದು ಹೆಸರಾಯಿತು. ಗುರುವಿನ ಮೊದಲ ಲೇಖನ ಅಸಮವಾದ ಪಟ್ಟೆಗಳನ್ನು ಕುರಿತದ್ದು. ಶಿಷ್ಯನ ಕೆಲಸ ಅಸಮವಾದ ಕಣಗಳನ್ನು ಒಳಗೊಂಡದ್ದು.

ಎರಡನೆಯದು ಸ್ಫಟಿಕದ್ದು. ಸ್ಫಟಿಕವನ್ನು ಕಾಯಿಸುತ್ತ ಹೋದರೆ 573 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದರ ಒಳರಚನೆ ಥಟ್ಟನೆ ಬದಲಾಗುತ್ತದೆ. 1940ರಲ್ಲಿ ರಾಮನ್ ಅವರೂ ಟಿ. ಎಂ. ಕೆ. ನೆಡುಂಗಾಡಿಯವರೂ ಆ ಉಷ್ಣತೆಯನ್ನು ಸಮೀಪಿಸುವಾಗ ಸ್ಫಟಿಕದ ವರ್ಣರೇಖೆಯೊಂದು ಹರಡಿ, ಮಸುಕಾಗಿ, ಸ್ಥಾನ ಕದಲುವುದನ್ನು ಕಂಡರು. ಪರಮಾಣುಗಳ ಒಂದು ಬಗೆಯ ಕಂಪನ ಸಡಿಲವಾಗುವುದೇ ಆ ರೂಪಾಂತರಕ್ಕೆ ಕಾರಣವೆಂದು ಅವರು ಸೂಚಿಸಿದರು. ಇಪ್ಪತ್ತು ವರ್ಷಗಳ ತರುವಾಯ ಬೇರೆಯವರು ಇದೇ ಭಾವನೆಯನ್ನು ದೊಡ್ಡ ಸಿದ್ಧಾಂತವಾಗಿ ಬೆಳೆಸಿದರು.

ಪ್ರಸಂಗವಶಾತ್ ಇನ್ನೊಂದು ಮಾತು. ಸುಮಾರು ಅದೇ ಕಾಲಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ರಸಾಯನಶಾಸ್ತ್ರದ ಪ್ರಾಧ್ಯಾಪಕ ಬಿ. ಸಂಜೀವರಾಯರ ಬಳಗದ ಕಿತ್ತೂರು ಸುಬ್ಬರಾಯರು ಸಿಲಿಕಾ ಜೆಲ್ ಎಂಬ ಹರಳು ತನ್ನೊಳಗಿನ ಟೊಳ್ಳುಗಳಲ್ಲಿ ಆವಿಯನ್ನು ಹೀರಿ ಹೇಗೆ ಹಿಡಿದಿಡುತ್ತದೆಯೆಂಬುದನ್ನು ಶೋಧಿಸುತ್ತಿದ್ದರು. ಕಿರಿದಾದ ಕತ್ತು, ದೊಡ್ಡ ಹೊಟ್ಟೆಯ ಹೂಜಿಯಂತಹ ಟೊಳ್ಳು ನೀರನ್ನು ಒಳಗೆ ಬಿಟ್ಟುಕೊಂಡ ದಾರಿಯಲ್ಲಿಯೇ ಹೊರಗೆ ಬಿಡುವುದಿಲ್ಲವೆಂಬುದು ಅವರ ವಿವರಣೆಯ ಸಾರ. ಅವರ ಲೇಖನಗಳು 1941ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಪ್ರಕಟವಾದವು. ರಾಮನ್ ಅವರ ಪ್ರಖರ ತೇಜಸ್ಸಿನ ಬಳಿಯಲ್ಲಿ ಇಂತಹ ದೀಪಗಳು ನಮ್ಮ ಕಣ್ಣಿಗೆ ಕಾಣದೆ ಹೋಗಿವೆ.

1948ರಲ್ಲಿ ವಿಜ್ಞಾನ ಮಂದಿರದಿಂದ ನಿವೃತ್ತರಾದ ರಾಮನ್ ಅವರು ತಮ್ಮದೇ ಹೆಸರಿನ ಸಂಶೋಧನಾಲಯದಲ್ಲಿ ಕೆಲಸ ಮುಂದುವರಿಸಿದರು. ಸರ್ಕಾರದ ಅನುದಾನಕ್ಕೆ ಕೈಯೊಡ್ಡಿದರೆ ಸರ್ಕಾರದ ಲೆಕ್ಕಪತ್ರಕ್ಕೆ ತಲೆಬಾಗಬೇಕಾಗುತ್ತದೆಂಬ ಭಯ, ಹಣಕಾಸು ಇಲಾಖೆಯಲ್ಲಿದ್ದವರಿಗೆ, ಇದ್ದದ್ದು ಸಹಜವೇ. ಊರೂರು ಅಲೆದು ದಾನಿಗಳಿಂದ ಹಣ ಕೂಡಿಸಿ ಆ ಮಂದಿರವನ್ನು ಕಟ್ಟಿದರು. ವಿದ್ಯಾಸಂಸ್ಥೆಗಾಗಿ ಜೋಳಿಗೆ ಹಿಡಿಯುವುದು ಅವಮಾನವಲ್ಲವೆಂಬುದನ್ನು ಈ ಸಂಚಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಅವರು ಸಂಗ್ರಹಿಸಿದ ಖನಿಜ, ವಜ್ರ, ಮುತ್ತು, ಶಂಖ, ಚಿಟ್ಟೆಗಳದೇ ಒಂದು ವಸ್ತುಸಂಗ್ರಹಾಲಯವಾಯಿತು. ಸೋದರಿಯ ಮಗ ಪಂಚರತ್ನಂ ಅಲ್ಲಿ ಅಮೆಥಿಸ್ಟಿನ ಬಣ್ಣಗಳನ್ನು ಪರಿಶೀಲಿಸಿದರು. 1956ರಲ್ಲಿ ಧ್ರುವಿತ ಬೆಳಕನ್ನು ಕುರಿತು ಅವರು ಬರೆದ ಲೇಖನ ಮೂರು ದಶಕಗಳ ಅನಂತರ ಜಗತ್ತಿನ ಗಮನ ಸೆಳೆಯಿತು. ಕೆಲವು ವರ್ಷ ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ ಆಕ್ಸ್‌ಫರ್ಡಿಗೆ ಹೋದ ಅವರು 1969ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ತೀರಿಕೊಂಡರು.

ಈಗ ಓಪಲಿನ ಮಾತಿಗೆ ಬರೋಣ. ಓಪಲಿನಲ್ಲಿ ಬಣ್ಣದ ಯಾವ ದ್ರವ್ಯವೂ ಇಲ್ಲ. ಕಲ್ಲನ್ನು ತಿರುಗಿಸಿದರೆ ಕೆಂಪಿದ್ದಲ್ಲಿ ಹಸುರು, ಹಸುರಿದ್ದಲ್ಲಿ ನೀಲಿ. ಬಣ್ಣವಿರುವುದು ದ್ರವ್ಯದಲ್ಲಲ್ಲ, ರಚನೆಯಲ್ಲಿ ಎಂಬುದನ್ನು ಸಾಬೂನಿನ ಗುಳ್ಳೆ, ನವಿಲುಗರಿ, ಮುತ್ತುಗಳನ್ನು ಬಹುಕಾಲ ನೋಡಿದ್ದ ರಾಮನ್ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1953ರಲ್ಲಿ ಅವರೂ ಶಿಷ್ಯ ಎ. ಜಯರಾಮನ್ ಅವರೂ ಓಪಲುಗಳನ್ನು ಬೆಳಕಿನಲ್ಲಿಯೂ ಕ್ಷಕಿರಣಗಳಲ್ಲಿಯೂ ಪರೀಕ್ಷಿಸಿ, ಅದರೊಳಗೆ ಕ್ರಮವಾಗಿ ಮರುಕಳಿಸುವ ರಚನೆಯಿದೆ, ಆ ಅಂತರ ಬೆಳಕಿನ ತರಂಗದ ಅಳತೆಯದು, ಆದ್ದರಿಂದಲೇ ಬಣ್ಣ ಎಂದು ಹೇಳಿದರು. ಇಷ್ಟು ಸರಿ. ಆದರೆ ಆ ರಚನೆ ಯಾವುದು? ಸಿಲಿಕಾದ ಎರಡು ರೂಪಗಳು ಒಂದರ ಮೇಲೊಂದು ತೆಳುಪದರಗಳಾಗಿ ಕೂತಿವೆ ಎಂಬುದು ಅವರ ತೀರ್ಮಾನ.

ಈ ತೀರ್ಮಾನ ನಿಲ್ಲಲಿಲ್ಲ. 1964ರಲ್ಲಿ ಆಸ್ಟ್ರೇಲಿಯದ ಸ್ಯಾಂಡರ್ಸ್ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಓಪಲನ್ನು ನೋಡಿದಾಗ ಕಂಡದ್ದು ಪದರಗಳಲ್ಲ. ಒಂದೇ ಅಳತೆಯ ಸಿಲಿಕಾದ ದುಂಡುಕಣಗಳು, ಸಂತೆಯಲ್ಲಿ ಕಿತ್ತಳೆಹಣ್ಣುಗಳನ್ನು ಒಟ್ಟಿದಂತೆ, ಸಾಲಿನ ಮೇಲೆ ಸಾಲಾಗಿ ಪೇರಿಸಿದ್ದವು. ಒಂದೊಂದು ಕಣದ ಅಡ್ಡಳತೆ ಸುಮಾರು 150ರಿಂದ 300 ನ್ಯಾನೊಮೀಟರ್. ಮೀಟರಿನ ನೂರು ಕೋಟಿಯಲ್ಲೊಂದು ಭಾಗ ಒಂದು ನ್ಯಾನೊಮೀಟರ್. ತಲೆಗೂದಲೊಂದರ ಅಡ್ಡಗಲದಲ್ಲಿ ಇಂತಹ ಕಣಗಳು ನೂರಾರು ಹಿಡಿಸುತ್ತವೆ. ದೊಡ್ಡ ಕಣಗಳ ಓಪಲಿನಲ್ಲಿ ಕೆಂಪಿನವರೆಗೆ ಎಲ್ಲ ಬಣ್ಣವೂ ಉಂಟು. ಚಿಕ್ಕ ಕಣಗಳದರಲ್ಲಿ ನೀಲಿ, ನೇರಳೆ ಮಾತ್ರ. ಕಣಗಳ ಅಳತೆ ಒಂದೇ ಸಮನಾಗಿಲ್ಲದಿದ್ದರೆ ಅದು ಬಣ್ಣವಿಲ್ಲದ ಬಿಳಿಗಲ್ಲು.

ರಾಮನ್ ಅವರ ಸಾಧನೆಯನ್ನು ಬರೆಯುವವರು ಈ ಪ್ರಸಂಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬಿಡುವುದು ತಪ್ಪೆಂದು ನನ್ನ ಭಾವನೆ. ಹರಳುಗಳಲ್ಲಿ ಪರಮಾಣುಗಳ ಕಂಪನವನ್ನು ಕುರಿತು ಮಾಕ್ಸ್ ಬಾರ್ನ್ ಅವರೊಡನೆ ಅವರು ಬಹುಕಾಲ ವಾದಿಸಿದರು. ಅವರೇ ಬೆಂಗಳೂರಿಗೆ ಕರೆತಂದ ವಿದ್ವಾಂಸ ಆ ಬಾರ್ನ್. ಆ ವಾದದಲ್ಲಿಯೂ ಒಟ್ಟಿನಲ್ಲಿ ಬಾರ್ನ್ ಅವರ ಪಕ್ಷವೇ ಗೆದ್ದಿತು. ತನ್ನ ಕಣ್ಣನ್ನು ಅತಿಯಾಗಿ ನಂಬಿದವನಿಗೆ ಆ ಕಣ್ಣು ಒಮ್ಮೆ ನೊಬೆಲ್ ಪಾರಿತೋಷಕ ತಂದುಕೊಟ್ಟಿತು, ಮತ್ತೊಮ್ಮೆ ಕೈಕೊಟ್ಟಿತು. ಓಪಲಿನ ಕಣಗಳು ಬೆಳಕಿನ ತರಂಗಕ್ಕಿಂತಲೂ ಕಿರಿದು; ಎಷ್ಟೇ ಸೂಕ್ಷ್ಮನಾದ ದೃಷ್ಟಿಯಿರಲಿ, ಬೆಳಕಿನಿಂದ ಅವುಗಳನ್ನು ಬಿಡಿಬಿಡಿಯಾಗಿ ಕಾಣುವಂತಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಂತಹ ಬೆಲೆಬಾಳುವ ಯಂತ್ರಗಳ ಕಡೆಗೆ ರಾಮನ್ ಅವರ ಒಲವಿರಲಿಲ್ಲ. ಅಲ್ಪ ಸಾಧನದಿಂದ ಮಹತ್ತನ್ನು ಸಾಧಿಸಿದ ಹೆಮ್ಮೆಯೇ ಇಲ್ಲಿ ಅವರ ದಾರಿಗೆ ಅಡ್ಡವಾಯಿತೇನೋ.

ಓಪಲಿನ ಕಣಗಳನ್ನು ಮನುಷ್ಯನೇ ಮಾಡುವ ವಿಧಾನ ಹೆಚ್ಚು ತಡವಾಗಲಿಲ್ಲ. 1968ರಲ್ಲಿ ಸ್ಟೋಬರ್ ಮತ್ತು ಅವರ ಸಂಗಡಿಗರು, ಮದ್ಯಸಾರ ಮತ್ತು ನೀರಿನಲ್ಲಿ ಸಿಲಿಕಾನಿನ ಒಂದು ಸಂಯುಕ್ತವನ್ನು ಅಮೋನಿಯದ ಸಮ್ಮುಖದಲ್ಲಿ ಒಡೆಸಿ, ಒಂದೇ ಅಳತೆಯ ಸಿಲಿಕಾ ಗೋಲಗಳನ್ನು ಪಡೆಯುವ ಬಗೆಯನ್ನು ಪ್ರಕಟಿಸಿದರು. ಈಗ ಜಗತ್ತಿನ ಅನೇಕ ಪ್ರಯೋಗಶಾಲೆಗಳಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದುವರಿದು ಟೊಳ್ಳಾದ ಕಣಗಳನ್ನು ಮಾಡುತ್ತಾರೆ. ವಿಗ್ರಹದ ಎರಕ ಹೊಯ್ಯುವವರನ್ನು ಕಂಡವರಿಗೆ ಅದರ ಮರ್ಮ ಸುಲಭವಾಗಿ ತಿಳಿಯುತ್ತದೆ. ಶಿಲ್ಪಿ ಮೊದಲು ಮೇಣದಲ್ಲಿ ಮೂರ್ತಿ ಮಾಡಿ, ಅದರ ಸುತ್ತ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಕರಗಿಸಿ ಹೊರಹಾಕುತ್ತಾನೆ; ಮಣ್ಣಿನೊಳಗೆ ಮೂರ್ತಿಯ ಆಕಾರದ ಟೊಳ್ಳು ಉಳಿಯುತ್ತದೆ. ಆಮೇಲೆ ಅವನು ಲೋಹ ಹೊಯ್ಯುತ್ತಾನೆ. ರಸಾಯನಜ್ಞ ಹೊಯ್ಯುವುದಿಲ್ಲ, ಅವನಿಗೆ ಬೇಕಾದುದು ಆ ಟೊಳ್ಳೇ. ಮೇಣದ ಬದಲು ಪಾಲಿಸ್ಟೈರೀನಿನಂತಹ ಪಾಲಿಮರಿನ ಕಣ, ಮಣ್ಣಿನ ಬದಲು ಅದರ ಮೈಗೆ ಅಂಟಿ ಬೆಳೆಯುವ ಸಿಲಿಕಾ. ಬಳಿಕ ಕುಲುಮೆಯಲ್ಲಿ ಸುಟ್ಟೋ, ತಕ್ಕ ದ್ರಾವಕದಲ್ಲಿ ಕರಗಿಸಿಯೋ ಪಾಲಿಮರನ್ನು ತೆಗೆದುಬಿಟ್ಟರೆ ಸಿಲಿಕಾದ ಬರಿಯ ಚಿಪ್ಪು ಉಳಿಯುತ್ತದೆ.

ಅಚ್ಚು ದುಂಡಗಿದ್ದರೆ ಚಿಪ್ಪೂ ದುಂಡಗೆ. ಅಚ್ಚನ್ನು ಕಡ್ಡಿಯಂತೆ ಉದ್ದವಾಗಿ ಮಾಡಿದರೆ, ಅಥವಾ ಒಂದು ಬದಿಗೆ ಮಾತ್ರ ಸಿಲಿಕಾ ಹಿಡಿಯುವಂತೆ ಮಾಡಿದರೆ, ಕೊಳವೆಯೂ ಬಟ್ಟಲೂ ಆದಾವು. ಇಂಥ ಅಸಮ ಚಿಪ್ಪುಗಳು ಹೆಚ್ಚು ಕಷ್ಟಸಾಧ್ಯ. ದ್ರವದಲ್ಲಿರುವ ಯಾವ ಹನಿಯೂ ಬಿಟ್ಟರೆ ದುಂಡಗಾಗುವುದನ್ನೇ ಬಯಸುತ್ತದೆ. ಅದನ್ನು ತಡೆದು ಓರೆಯಾಗಿಸುವುದು ಸಾಹಸ. ಆದರೆ ಪ್ರಕೃತಿಗೆ ಅದು ಸಾಹಸವಲ್ಲ. ನಮ್ಮ ಕಪಿಲಾ ಕಾವೇರಿಯರ ನೀರಿನಲ್ಲಿಯೇ ಡಯಾಟಮ್ ಎಂಬ ಏಕಕೋಶ ಜೀವಿಗಳು ದೋಣಿ, ಕಡ್ಡಿ, ಬಿಲ್ಲೆಗಳ ಆಕಾರದ ಸಿಲಿಕಾ ಚಿಪ್ಪುಗಳನ್ನು, ಒಲೆಯಿಲ್ಲದೆ ಕುಲುಮೆಯಿಲ್ಲದೆ, ತಮ್ಮ ಮೈಯೊಳಗಿನ ಜೈವಿಕ ದ್ರವ್ಯವನ್ನೇ ಅಚ್ಚಾಗಿಸಿಕೊಂಡು ಕಟ್ಟುತ್ತವೆ. ಟೊಳ್ಳು ಕಣಗಳೊಳಗೆ ಔಷಧವನ್ನು ತುಂಬಿ ದೇಹದೊಳಗೆ ಒಯ್ಯುವುದು, ಶಾಖವನ್ನು ತಡೆಯುವ ಲೇಪ, ಗಾಜಿನ ಹೊಳಪನ್ನು ತಗ್ಗಿಸುವ ಲೇಪ ಮೊದಲಾದ ಉದ್ದೇಶಗಳಿಂದ ಈ ಸಂಶೋಧನೆ ನಡೆಯುತ್ತಿದೆ. ಮಾಡಿದ ಚಿಪ್ಪು ಹೇಗಿದೆಯೆಂದು ತಿಳಿಯಲು ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನೂ ಬಳಸುತ್ತಾರೆ, ಕಣಗಳು ಚೆದರಿಸಿದ ಬೆಳಕನ್ನೂ ಅಳೆಯುತ್ತಾರೆ. ಪಾಲಿಮರ್ ಪೂರ್ತಿ ಹೋಗಿದೆಯೋ ಇಲ್ಲವೋ ಎಂದು ನೋಡುವ ಸಾಧನಗಳಲ್ಲಿ ರಾಮನ್ ವರ್ಣಪಟಲವೂ ಒಂದು.

1964ರ ಹೊತ್ತಿಗೆ ರಾಮನ್ ಅವರ ಮನಸ್ಸು ಕಲ್ಲುಗಳಿಂದ ಹೂವುಗಳ ಕಡೆಗೆ ತಿರುಗಿತ್ತು. ಸಂಶೋಧನಾಲಯದ ತೋಟದ ಗುಲಾಬಿಗಳ ನಡುವೆ ಓಡಾಡುತ್ತ, ಕಣ್ಣು ಬಣ್ಣವನ್ನು ಹೇಗೆ ಗ್ರಹಿಸುತ್ತದೆಯೆಂದು ಆಲೋಚಿಸುತ್ತಿದ್ದರು. ಆ ವಿಷಯದ ಗ್ರಂಥ 1968ರಲ್ಲಿ ಹೊರಬಂದಿತು. 1954ರಲ್ಲಿಯೇ ಭಾರತರತ್ನ ಪ್ರಶಸ್ತಿ ಸಂದಿತ್ತು. ಪ್ರತಿವರ್ಷ ಅಕ್ಟೋಬರ್ 2ರಂದು ಗಾಂಧೀಜಿಯವರ ಸ್ಮರಣೆಯಲ್ಲಿ ಒಂದು ವಿಜ್ಞಾನೋಪನ್ಯಾಸ ನೀಡುವ ಪದ್ಧತಿಯನ್ನು ಕೊನೆಯ ವರ್ಷದವರೆಗೂ ತಪ್ಪಿಸಲಿಲ್ಲ. 1970ರ ಉಪನ್ಯಾಸ ಕಿವಿಯನ್ನೂ ಶಬ್ದಗ್ರಹಣವನ್ನೂ ಕುರಿತದ್ದು. ಅದಾದ ಕೆಲವೇ ದಿನಗಳಲ್ಲಿ ಪ್ರಯೋಗಶಾಲೆಯಲ್ಲಿಯೇ ಕುಸಿದರು. ಆಸ್ಪತ್ರೆಯಿಂದ ತಮ್ಮ ಸಂಶೋಧನಾಲಯಕ್ಕೇ ಮರಳಿ, ನವೆಂಬರ್ 21ರ ಮುಂಜಾನೆ ದೇಹ ಬಿಟ್ಟರು. ಅವರ ಇಚ್ಛೆಯಂತೆ ಆ ತೋಟದಲ್ಲಿಯೇ ದಹನಕ್ರಿಯೆ ನಡೆಯಿತು. ಸಮಾಧಿಯ ಕಲ್ಲು ಕೂಡದು, ಮರವೊಂದು ಸಾಕು ಎಂದು ಅವರು ಹೇಳಿದ್ದರಿಂದ ಆ ಸ್ಥಳದಲ್ಲಿ ಒಂದು ಸಸಿ ನೆಟ್ಟರು. ಅವರು ಕೂಡಿಸಿದ ಹರಳುಗಳು ಒಳಗಿನ ಗಾಜಿನ ಪೆಟ್ಟಿಗೆಗಳಲ್ಲಿ ಉಳಿದವು.